ಕ್ಯಾಸೆಟ್‌ಗೆ ಹಾಡು ತುಂಬಿಸೋದು: ಈ ಸೆಟ್‌ನಲ್ಲಿ ಚೆನ್ನಾಗಿರೋದು ಆ ಸೆಟ್‌ನಲ್ಲಿ ಮಂಕಾಗೋದೇಕೆ?

ಸುರುಳಿ_ಸುಬ್ಬ
ಸ್ನೇಹಿತರೊಬ್ಬರ ಮದುವೆಗೆ 25 ವರ್ಷ ತುಂಬ್ತಿದೆ. ಗಂಡ ಹೆಂಡತಿ ಇಬ್ಬರೂ ಕ್ಯಾಸೆಟ್ ಕಾಲದವರು, ಮನೇಲಿ ಡೆಕ್ ಇನ್ನೂ ಓಡ್ತಿದೆ. ಪೆನ್‌ಡ್ರೈವ್ ಬೇಡ, ಸಿ-90 (90 ನಿಮಿಷದ) ಕ್ಯಾಸೆಟ್‌ಗೇ 18 ಹಾಡು ತುಂಬಿಸಿ ಕೊಡೋಣ ಅಂತ ಯೋಚನೆ. ಇಲ್ಲಿರೋದು ರೇಡಿಯೋ, ಟೇಪ್ ಎರಡೂ ಇರೋ ಹಳೇ ಟೂ-ಇನ್-ಒನ್. ಲೈನ್-ಇನ್ (ಬೇರೆ ಸಾಧನದ ಹಾಡು ನೇರ ಒಳಗೆ ತಗೊಳೋ ಸಾಕೆಟ್) ಇಲ್ಲ, ಮೈಕ್ ಸಾಕೆಟ್ ಒಂದೇ. ಫೋನಿನಿಂದ ಅದಕ್ಕೆ ವೈರ್ ಎಳೆದು ಒಂದು ಸೈಡ್ ಪ್ರಯೋಗ ಮಾಡಿದ್ದಾಯ್ತು. ದನಿ ಹರಿದು ಕರಕರ ಅನ್ನುತ್ತೆ. ಮೊದಲ ಹಾಡಿನ ಮೊದಲ ಪದವೇ ನಾಪತ್ತೆ. ಕೊನೇ ಹಾಡು ಚರಣದ ಮಧ್ಯೆ ಕಟ್. ಬೇರೆ ಡೆಕ್‌ಗೆ ಹಾಕಿದರೆ ಗಾಯಕರು ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳುತ್ತೆ.

ಇನ್ನೊಂದು ತಕರಾರು. ಹೀಗೆ ಬೇಕಾದ ಹಾಡು ಆಯ್ದು ತುಂಬಿಸಿದ ಕ್ಯಾಸೆಟ್ಟಿಗೆ ಮಿಕ್ಸ್‌ಟೇಪ್ ಅಂತಾರಲ್ಲ. ‘ಮಿಕ್ಸ್‌ಟೇಪ್ ಅನ್ನೋದು ಅಮೆರಿಕದವರ ಗೀಳು, ನಮ್ಮಲ್ಲಿ ಅಂಗಡಿ ಕ್ಯಾಸೆಟ್ ಬಿಟ್ಟರೆ ಏನಿತ್ತು’ ಅಂತ ಒಬ್ಬರು ವಾದ ಹೂಡಿದ್ದಾರೆ. ಬಲ್ಲವರು ಹೇಳಿ.

ಹೆಡ್_ಕ್ಲೀನರ್
ಒಂದೇ ರೋಗಿಗೆ ನಾಲ್ಕು ಕಾಯಿಲೆ. ಮೊದಲು ಕರಕರ.

ಮೈಕ್ ಸಾಕೆಟ್ ನಿರೀಕ್ಷಿಸೋದು ಒಂದೆರಡು ಮಿಲಿವೋಲ್ಟ್. ಫೋನ್ ಕೊಡೋದು ಕೆಲವು ನೂರು ಮಿಲಿವೋಲ್ಟ್. ಮೊದಲನೇ ಟ್ರಾನ್ಸಿಸ್ಟರ್‌ನಲ್ಲೇ ದನಿ ಹರಿದುಹೋಗುತ್ತೆ, ಆಮೇಲೆ ಯಾವ ಗುಂಡಿ ತಿರುಗಿಸಿದರೂ ಸರಿಯಾಗಲ್ಲ. ಮಧ್ಯೆ ಎರಡು ಬಗೆಯ ರೆಸಿಸ್ಟರ್ ಹಾಕಿ. ಫೋನಿನ ಎಡ ತಂತಿಗೆ ಒಂದು 100 ಕಿಲೋಓಮ್, ಬಲ ತಂತಿಗೆ ಇನ್ನೊಂದು 100 ಕಿಲೋಓಮ್. ಅವೆರಡರ ಆಚೆ ತುದಿ ಸೇರಿಸಿ ಮೈಕ್ ಪಿನ್‌ಗೆ. ಅದೇ ಜಾಗದಿಂದ ಗ್ರೌಂಡ್‌ಗೆ 1 ಕಿಲೋಓಮ್. ಒಂದೊಂದು ತಂತಿಯ ಸಿಗ್ನಲ್ ಸುಮಾರು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತೆ, ಅಂದರೆ 40 ಡೆಸಿಬೆಲ್. ಮೈಕ್ ಪಿನ್ ಹತ್ತಿರವೇ ಬೆಸುಗೆ ಹಾಕಿ. ಫೋನ್ ಕಡೆ ಹಾಕಿದರೆ ಇಳಿದ ಸಿಗ್ನಲ್ ಉದ್ದ ವೈರ್‌ನಲ್ಲಿ ಬರುತ್ತಾ ಕರೆಂಟಿನ ಗುಂಯ್ ಅನ್ನೋ ಸದ್ದು ಹಿಡ್ಕೊಳುತ್ತೆ.

ಮಂಡ್ಯದ್_ಗಂಡು
ಫೋನ್ ವಾಲ್ಯೂಮ್ ಕಮ್ಮಿ ಮಾಡುದ್ರೆ ಆಯ್ತದಲ್ಲ ಗುರು? ಬೆಸುಗೆ ಗಿಸುಗೆ ಯಾಕೆ?

ಹೆಡ್_ಕ್ಲೀನರ್
ಆಯ್ತದೆ, ಆದ್ರೆ ಅರ್ಧ ಮಾತ್ರ. ವಾಲ್ಯೂಮ್ ಇಳಿಸಿದರೆ ಹಾಡು ಇಳಿಯುತ್ತೆ, ಫೋನಿನ ಆಂಪ್ಲಿಫೈಯರ್‌ನ ಸ್ವಂತ ಸುಯ್ ಅನ್ನೋ ಸದ್ದು ಅಷ್ಟೇ ಇರುತ್ತೆ. ಟೇಪಿನ ಸುಯ್ ಜೊತೆಗೆ ಅದೂ ಉಚಿತ. ವಾಲ್ಯೂಮ್ ಮುಕ್ಕಾಲು ಭಾಗಕ್ಕಿಟ್ಟು ರೆಸಿಸ್ಟರ್‌ನಿಂದ ಇಳಿಸಿದರೆ ಎರಡೂ ಒಟ್ಟಿಗೆ ಇಳಿಯುತ್ತೆ. ಎಡ ಬಲ ಎರಡು ತಂತಿ ರೆಸಿಸ್ಟರ್ ಇಲ್ಲದೆ ನೇರ ಹೊಸೆಯಬೇಡಿ, ಫೋನಿನ ಎರಡು ಚಾನೆಲ್ ಒಂದರ ಮೇಲೊಂದು ಬಿದ್ದು ಗುದ್ದಾಡ್ತವೆ.

ಅಡ್ಡರಸ್ತೆ_8
ಸೆಟ್‌ನ ಹಿಂದೆ ಐದು ತೂತಿನ ದುಂಡನೆ ಡಿನ್ ಸಾಕೆಟ್ ಇದೆಯಾ ನೋಡಿ. ಹಳೇ ಫಿಲಿಪ್ಸ್ ಸೆಟ್‌ಗಳಲ್ಲಿ ಸಾಮಾನ್ಯ. ಪಿನ್ 1 ಮತ್ತು 4 ರೆಕಾರ್ಡಿಂಗ್ ಒಳಕ್ಕೆ, 3 ಮತ್ತು 5 ಹೊರಕ್ಕೆ, 2 ಗ್ರೌಂಡ್. ಮೋನೋ ಸೆಟ್ ಆದರೆ 1, 2, 3 ಸಾಕು. ಗಮನಿಸಿ, ಪಿನ್ ಸಂಖ್ಯೆ ಸಾಲಾಗಿ ಇರಲ್ಲ. ಒಂದು ಅಂಚಿನಿಂದ 1, 4, 2, 5, 3 ಅಂತ ಬರುತ್ತೆ. ಇದನ್ನು ಎಣಿಸೋದ್ರಲ್ಲೇ ಅರ್ಧ ಜನ ಎಡವೋದು.

ಗಣಿತ_ಮೇಷ್ಟ್ರು
ಕೊನೇ ಹಾಡು ಕಟ್ ಆಗೋದಕ್ಕೆ ಲೆಕ್ಕ ಮಾಡದಿರೋದೇ ಕಾರಣ. ‘ಒಂದು ಸೈಡ್ 45 ನಿಮಿಷ, ಒಂಬತ್ತು ಹಾಡು, ಒಂದಕ್ಕೆ ಐದು ನಿಮಿಷ’ ಅಂತ ಬೆರಳೆಣಿಸಿದರೆ ಮುಗೀತು ಕಥೆ.

ಕ್ಯಾಸೆಟ್ ಓಡೋದು ಸೆಕೆಂಡಿಗೆ 4.76 ಸೆಂಟಿಮೀಟರ್. 45 ನಿಮಿಷ ಅಂದರೆ 2,700 ಸೆಕೆಂಡ್, ಬೇಕಾಗೋ ಟೇಪು ಸುಮಾರು 128.5 ಮೀಟರ್. ತಯಾರಕರು ಕೆಲವು ಮೀಟರ್ ಹೆಚ್ಚೇ ಸುತ್ತಿರ್ತಾರೆ, ಆದರೆ ಅದನ್ನು ನಂಬಿ ಕೂರಬಾರದು. ನಿಮ್ಮ ಸೆಟ್ ನೂರಕ್ಕೆ ಎರಡು ಪಾಲು ವೇಗವಾಗಿ ಓಡಿದರೂ 54 ಸೆಕೆಂಡ್ ಹೋಯ್ತು. ಹಳೇ ಮೋಟಾರ್‌ಗೆ ಅದು ದೊಡ್ಡ ವಿಷಯವೇ ಅಲ್ಲ.

2,700ರಿಂದ ಮೊದಲ 7 ಸೆಕೆಂಡ್ ಲೀಡರ್‌ಗೆ (ಟೇಪಿನ ತುದಿಯ ಖಾಲಿ ತುಂಡಿಗೆ) ಕಳೆಯಿರಿ. ಒಂಬತ್ತು ಹಾಡಿಗೆ ಎಂಟು ಸಂದು, ಸಂದಿಗೆ 4 ಸೆಕೆಂಡ್, ಒಟ್ಟು 32. ಹಾಡಿಗೆ ಉಳಿಯೋದು 44 ನಿಮಿಷ 21 ಸೆಕೆಂಡ್. ಫೋನಿನಲ್ಲಿ ಪ್ರತಿ ಹಾಡಿನ ಉದ್ದ ಸೆಕೆಂಡ್ ಸಮೇತ ಕಾಣುತ್ತಲ್ಲ, ಕೂಡಿಸಿ. 44 ದಾಟಿದರೆ ಒಂದು ಹಾಡು ಬದಲಿಸಿ.

ಹಳೇಪೇಟೆ_ಹುಡುಗಿ
ಮೊದಲ ಪದ ಹೋಗಿದ್ದಕ್ಕೆ ಉತ್ತರ ಮೇಷ್ಟ್ರು ಅರ್ಧ ಕೊಟ್ಟಿದ್ದಾರೆ. ಟೇಪಿನ ತುದಿಯಲ್ಲಿ ಪಾರದರ್ಶಕವಾಗಿಯೋ ಬಣ್ಣದ್ದಾಗಿಯೋ ಒಂದು ತುಂಡು ಇರುತ್ತಲ್ಲ, ಅದರ ಮೇಲೆ ಕಾಂತೀಯ ಲೇಪನವೇ ಇಲ್ಲ, ಅದರಲ್ಲಿ ಏನೂ ದಾಖಲಾಗಲ್ಲ. ಆರು ಮೂಲೆಯ ಪೆನ್ಸಿಲ್ ತೂರಿಸಿ ಕಂದು ಬಣ್ಣದ ಟೇಪು ನಡುವಿನ ಕಿಟಕಿ ದಾಟೋ ತನಕ ತಿರುಗಿಸಿ, ಆಮೇಲೆ ಸೆಟ್‌ಗೆ ಹಾಕಿ.

ರೆಕಾರ್ಡ್ ಮತ್ತು ಪ್ಲೇ ಒತ್ತೋ ಮುಂಚೆ ಪಾಸ್ ಒತ್ತಿಟ್ಟುಕೊಂಡಿರಬೇಕು. ಸ್ಟಾಪ್‌ನಿಂದ ನೇರ ರೆಕಾರ್ಡ್‌ಗೆ ಹೋದರೆ ‘ಟಪ್’ ಅನ್ನೋ ಸದ್ದು ಟೇಪಿಗೆ ಬೀಳುತ್ತೆ. ಪಾಸ್ ಬಿಟ್ಟ ಮೇಲೆ ಅರ್ಧ ಸೆಕೆಂಡ್ ತಡೆದು ಹಾಡು ಶುರು ಮಾಡಿ. ರಬ್ಬರ್ ರೋಲರ್ ಟೇಪನ್ನು ಹಿಡಿದು ಪೂರ್ತಿ ವೇಗಕ್ಕೆ ಬರೋಕೆ ಅಷ್ಟು ಬೇಕು. ಇಲ್ಲದಿದ್ದರೆ ಮೊದಲ ಸ್ವರ ಜಾರುಬಂಡೆ ಮೇಲಿಂದ ಬಂದ ಹಾಗೆ ಬರುತ್ತೆ.

ಕ್ರೋಮ್_ಕುಮಾರ
ಮಂಕು ದನಿಗೆ ನೂರಕ್ಕೆ ತೊಂಬತ್ತು ಸಲ ಕಾರಣ ಡೆಕ್‌ನ ಡಾಲ್ಬಿ ಬಟನ್, ಅಂದರೆ ಟೇಪಿನ ಸುಯ್ ಸದ್ದು ತಗ್ಗಿಸೋ ಸೌಲಭ್ಯ. ಟೂ-ಇನ್-ಒನ್‌ನಲ್ಲಿ ಡಾಲ್ಬಿ ಇಲ್ಲ. ಡಾಲ್ಬಿ ಇಲ್ಲದೆ ತುಂಬಿಸಿದ ಕ್ಯಾಸೆಟ್ಟನ್ನು ಡಾಲ್ಬಿ ಬಿ ಒತ್ತಿ ಕೇಳಿದರೆ ಅದು ಸುಯ್ ಜೊತೆ ಹಾಡಿನ ಮೇಲಿನ ಸ್ವರವನ್ನೂ ಕತ್ತರಿಸುತ್ತೆ. ಬಟನ್ ಬಿಡಿಸಿ ನೋಡಿ.

ಅದೂ ಅಲ್ಲ ಅಂದ್ರೆ ಕ್ಯಾಸೆಟ್ ಕ್ರೋಮ್ ಇರಬಹುದು. ಬೆನ್ನಿನಲ್ಲಿ, ರೆಕಾರ್ಡ್ ತಡೆಯೋ ಹಲ್ಲಿನ ಪಕ್ಕ ಇನ್ನೊಂದು ಗುಳಿ ಇದ್ದರೆ ಅದು ಟೈಪ್ 2. ಡೆಕ್ ಆ ಗುಳಿ ಮುಟ್ಟಿ ನೋಡಿ ತಾನೇ 70 ಮೈಕ್ರೋಸೆಕೆಂಡ್ ಈಕ್ವಲೈಸೇಶನ್‌ಗೆ (ಮೇಲಿನ ಸ್ವರ ಏರಿಸಿ ಇಳಿಸಿ ಹೊಂದಿಸೋ ಲೆಕ್ಕ) ಹೋಗುತ್ತೆ. ನಿಮ್ಮ ಸೆಟ್ ರೆಕಾರ್ಡ್ ಮಾಡಿರೋದು ಮಾಮೂಲಿ ಫೆರಿಕ್ ಕ್ಯಾಸೆಟ್‌ನ (ಟೈಪ್ 1) 120 ಲೆಕ್ಕದಲ್ಲಿ. ಇಷ್ಟಕ್ಕೇ ಮೇಲಿನ ಸ್ವರ ಸುಮಾರು 4.5 ಡೆಸಿಬೆಲ್ ಇಳಿಯುತ್ತೆ. ಮೇಲಾಗಿ ಕ್ರೋಮ್‌ಗೆ ಬೇಕಾದಷ್ಟು ಬಯಾಸ್ (ಹಾಡು ಟೇಪಿಗೆ ಚೆನ್ನಾಗಿ ಅಚ್ಚಾಗೋಕೆ ಜೊತೆಗೆ ಹರಿಸೋ ವಿದ್ಯುತ್) ಕೊಡೋ ತಾಕತ್ತು ಈ ಸೆಟ್‌ಗಳಿಗಿಲ್ಲ. ದುಬಾರಿ ಕ್ಯಾಸೆಟ್ ತಂದು ಕೆಟ್ಟದಾಗಿ ತುಂಬಿಸೋ ಬದಲು ಮಾಮೂಲಿ ಟೈಪ್ 1 ತನ್ನಿ.

ಅಜಿಮತ್_ಅಣ್ಣ
ತೊಂಬತ್ತು ಅಂತೆ! ಯಾವ ಸರ್ವೇ ಮಾಡಿದ್ರಿ ಕುಮಾರಣ್ಣ? ‘ಇಲ್ಲಿ ಚೆನ್ನಾಗಿದೆ, ಅಲ್ಲಿ ಮಂಕು’ ಅಂದರೆ ಮೊದಲ ಅನುಮಾನ ಅಜಿಮತ್ ಮೇಲೆ, ಅಂದರೆ ಟೇಪು ಬರೆಯೋ ಓದೋ ಹೆಡ್ಡು ನಿಂತಿರೋ ಕೋನದ ಮೇಲೆ.

ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ 10 ಕಿಲೋಹರ್ಟ್ಸ್ ಸ್ವರದ ಒಂದು ಅಲೆ ಟೇಪಿನ ಮೇಲೆ ಹಿಡಿಯೋ ಜಾಗ 4.76 ಮೈಕ್ರಾನ್. ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ ಲಂಬವಾಗಿ ನಿಲ್ಲದೆ ಕೂದಲೆಳೆಯಷ್ಟು ವಾಲಿದರೂ ಹಾಡು ಅಚ್ಚಾದ ಪಟ್ಟಿಯ ಮೇಲಂಚಲ್ಲಿ ಅಲೆಯ ಏರು, ಕೆಳಂಚಲ್ಲಿ ಇಳಿತ ಒಟ್ಟಿಗೆ ಸಿಕ್ಕಿ ಒಂದನ್ನೊಂದು ಅಳಿಸಿಬಿಡ್ತವೆ. ಕೆಳ ಸ್ವರದ ಅಲೆ ಉದ್ದ, ಅದಕ್ಕೇನೂ ಆಗಲ್ಲ. ಅದಕ್ಕೇ ಕಂಬಳಿ ಹೊದ್ದ ದನಿ. ವಾಲಿದ ಹೆಡ್ಡು ತಾನೇ ಬರೆದದ್ದನ್ನು ತಾನೇ ಓದುವಾಗ ತಪ್ಪು ಎರಡೂ ಕಡೆ ಒಂದೇ ಆಗಿರೋದ್ರಿಂದ ಗೊತ್ತೇ ಆಗಲ್ಲ. ಮೋನೋ ಸೆಟ್‌ನಲ್ಲಿ ಪಟ್ಟಿಯೂ ಅಗಲ, ಸುಮಾರು 1.5 ಮಿಲಿಮೀಟರ್, ಹಾನಿಯೂ ಜಾಸ್ತಿ.

ಹೀಗೆ ಮಾಡಿ. ಕಂಪನಿಯವರೇ ರೆಕಾರ್ಡ್ ಮಾಡಿ ಮಾರಿದ ಒಳ್ಳೇ ಕ್ಯಾಸೆಟ್ ಒಂದು ನಿಮ್ಮ ಸೆಟ್‌ಗೆ ಹಾಕಿ. ತಾಳ, ಗೆಜ್ಜೆ, ತಂಬೂರಿ ಇರೋ ಹಾಡಾದರೆ ಒಳ್ಳೇದು. ಹೆಡ್ಡಿನ ಎರಡು ಬದಿಯಲ್ಲಿ ಎರಡು ಪುಟ್ಟ ಸ್ಕ್ರೂ ಇರ್ತವೆ, ಸ್ಪ್ರಿಂಗ್ ಇರೋದು ಅಜಿಮತ್ ಸ್ಕ್ರೂ. ಎಷ್ಟೋ ಸೆಟ್‌ಗಳಲ್ಲಿ ಪ್ಲೇ ಒತ್ತಿದಾಗ ಅದು ಎದುರು ಬರೋ ಹಾಗೆ ಮುಚ್ಚಳದ ಕೆಳಗೆ ಒಂದು ತೂತು ಇರುತ್ತೆ. ಹಾಡ್ತಿರುವಾಗಲೇ ಸ್ಕ್ರೂಡ್ರೈವರ್ ಇಟ್ಟು ಎಂಟನೇ ಒಂದು ಸುತ್ತು ಅತ್ತ, ಎಂಟನೇ ಒಂದು ಸುತ್ತು ಇತ್ತ. ತಾಳದ ‘ಚಿಂಯ್’ ಎಲ್ಲಿ ಅತಿ ಸ್ಪಷ್ಟವೋ ಅಲ್ಲಿ ನಿಲ್ಲಿಸಿ. ಕಾಂತ ಹಿಡಿಯೋ ಸ್ಕ್ರೂಡ್ರೈವರ್ ಬೇಡ. ಆಮೇಲೆ ಸ್ಕ್ರೂ ಮೇಲೆ ಒಂದು ತೊಟ್ಟು ನೈಲ್ ಪಾಲಿಶ್, ಅದುರಿದಾಗ ಜರುಗದ ಹಾಗೆ.

ಕ್ರೋಮ್_ಕುಮಾರ
ಹಾಗೆ ತಿರುಗಿಸಿದರೆ ಇದೇ ಸೆಟ್‌ನಲ್ಲಿ ಮೊದಲು ತುಂಬಿಸಿದ ಮನೆಯ ಹಳೇ ಕ್ಯಾಸೆಟ್ಟೆಲ್ಲ ಮಂಕಾಗುತ್ತಲ್ಲ? ಅದನ್ನು ಹೇಳದೆ ಸ್ಕ್ರೂಡ್ರೈವರ್ ಕೊಟ್ಟುಬಿಟ್ರಿ.

ಅಜಿಮತ್_ಅಣ್ಣ
ಸರಿ, ಒಪ್ಪಿದೆ. ಮೊದಲು ಹಳೇದನ್ನೆಲ್ಲ ಕಂಪ್ಯೂಟರ್‌ಗೆ ಇಳಿಸಿಕೊಂಡು ಆಮೇಲೆ ಸ್ಕ್ರೂ ಮುಟ್ಟಲಿ.

ಧಾರವಾಡದಾವ
ಎರಡನೇ ಪ್ರಶ್ನಿ ಯಾರೂ ಮುಟ್ಟವಲ್ಲರು. ‘ಮಿಕ್ಸ್‌ಟೇಪ್’ ಅನ್ನೂ ಶಬ್ದ ನಮ್ಮ ಕಡೆ ಇರಲಿಲ್ರಿ, ಖರೆ. ‘ಹಾಡು ತುಂಬಿಸ್ಕೊಂಡು ಬಾ’ ಅಂತಿದ್ರು. ಶಬ್ದ ಇಲ್ಲಂದ್ರ ಪದ್ಧತಿ ಇಲ್ಲ ಅಂತ ಹೆಂಗ ಹೇಳ್ತೀರಿ?

ಹಳೇಪೇಟೆ_ಹುಡುಗಿ
ಅದೇ ಮಾತು. ನಮ್ಮಲ್ಲಿ ಮಿಕ್ಸ್‌ಟೇಪಿನ ಅಡುಗೆಮನೆ ಅಂದರೆ ರೆಕಾರ್ಡಿಂಗ್ ಸೆಂಟರ್. ತಾಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಹತ್ತಿರವೂ ಒಂದಿರುತ್ತಿತ್ತು. ಮನೇಲಿ ಗ್ರಾಮಫೋನ್ ಇದ್ದವರು ಕಡಿಮೆ, ಎರಡು ಡೆಕ್ ಇದ್ದವರು ಇನ್ನೂ ಕಡಿಮೆ. ಹಾಗಾಗಿ ಅಂಗಡಿಯವನ ಹತ್ತಿರ ಎಲ್‌ಪಿ ಸಂಗ್ರಹ, ಟರ್ನ್‌ಟೇಬಲ್, ನಾಲ್ಕಾರು ಡೆಕ್. ಗಿರಾಕಿ ಖಾಲಿ ಕ್ಯಾಸೆಟ್ ಕೊಟ್ಟು ಚೀಟಿ ಬರೆದುಕೊಡೋದು, ಕೆಲವು ದಿನ ಬಿಟ್ಟು ಹೋಗೋದು. ಅಂದರೆ ಆಯ್ಕೆ ಗಿರಾಕಿಯದು, ಕೈಚಳಕ ಅಂಗಡಿಯವನದು.

ಚೀಟಿ ಬರೆಯೋದೂ ಒಂದು ವಿದ್ಯೆ. ಸಿ-60ಗೆ 12 ಹಾಡು ಬೇಕಾದರೆ 15 ಬರೆದು ಕೊನೇ ಮೂರರ ಪಕ್ಕ ‘ಸಿಗದಿದ್ದರೆ ಮಾತ್ರ’ ಅಂತ ಹಾಕಬೇಕು. ಹಾಡಿನ ಸಾಲು, ಸಿನಿಮಾ ಹೆಸರು, ಗಾಯಕರ ಹೆಸರು ಮೂರೂ ಬೇಕು, ಇಲ್ಲದಿದ್ದರೆ ಅದೇ ಪಲ್ಲವಿಯ ದುಃಖದ ಆವೃತ್ತಿ ಬಂದು ಕೂರುತ್ತೆ. ಅನುಕ್ರಮ ಮುಖ್ಯ ಅನ್ನೋದಾದರೆ ‘ಇದೇ ಕ್ರಮದಲ್ಲಿ’ ಅಂತ ಅಡಿಗೆರೆ ಎಳೆದು ಬರೆಯಬೇಕು. ಅಂಗಡಿಯವನಿಗೆ ಸುಲಭ ಯಾವುದು? ಟರ್ನ್‌ಟೇಬಲ್ ಮೇಲೆ ಕೂತಿರೋ ಎಲ್‌ಪಿಯಿಂದ ನಿಮ್ಮ ಚೀಟಿಯ ಎರಡು ಮೂರು ಹಾಡು ಒಟ್ಟಿಗೆ ಎತ್ತಿಹಾಕೋದು. ಸೈಡ್ ಕೊನೇಲಿ ಜಾಗ ಉಳಿದರೆ ತನಗೆ ಇಷ್ಟವಾದ ಒಂದು ಸೇರಿಸೋದು. ಬೇಡದಿದ್ದರೆ ‘ಉಳಿದ ಜಾಗ ಖಾಲಿ’ ಅಂತಲೂ ಬರೆಯಬೇಕಿತ್ತು.

ಮಂಡ್ಯದ್_ಗಂಡು
ಆ ಅಂಗಡಿಯೋರ ಸೇರಿಸಿದ್ ಹಾಡೇ ಎಷ್ಟೋ ಸಲ ಚೆನ್ನಾಗಿರೋದು ಬುಡಿ 😄

ವಕೀಲ್_ಸಾಹೇಬ್
ಕಾನೂನಿನ ಮಾತು ಒಂದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಖಾಸಗಿ ಬಳಕೆಗೆ ನ್ಯಾಯವಾದ ವ್ಯವಹಾರ ಅನ್ನೋ ವಿನಾಯಿತಿ ಇದೆ. ಅಂಗಡಿ ಕಾಸು ತಗೊಂಡು ತುಂಬಿಸೋದು ಆ ವಿನಾಯಿತಿಯೊಳಗೆ ಬರಲ್ಲ. 1984ರ ತಿದ್ದುಪಡಿಯಲ್ಲಿ ನಕಲಿಗೆ ಶಿಕ್ಷೆ ಹೆಚ್ಚಿಸಿದರು. ಬ್ರಿಟನ್‌ನಲ್ಲಿ ರೆಕಾರ್ಡ್ ಕಂಪನಿಗಳ ಸಂಘ 1981ರಲ್ಲಿ, ಮನೇಲಿ ಟೇಪ್ ಮಾಡೋದು ಸಂಗೀತವನ್ನು ಕೊಲ್ಲುತ್ತೆ ಅಂತ ಕ್ಯಾಸೆಟ್ಟಿನ ಕೆಳಗೆ ಅಡ್ಡ ಮೂಳೆ ಬರೆದು ಪ್ರಚಾರ ಮಾಡಿತು. ಪಶ್ಚಿಮ ಜರ್ಮನಿ 1965ರಲ್ಲೇ ರೆಕಾರ್ಡರ್ ಮೇಲೆ ಶುಲ್ಕ ಹಾಕಿ ಆ ಹಣ ಕಲಾವಿದರಿಗೆ ಹೋಗೋ ವ್ಯವಸ್ಥೆ ಮಾಡಿತ್ತು. ನಮ್ಮಲ್ಲಿ ಅಂಥ ಶುಲ್ಕ ಬರಲಿಲ್ಲ.

ಕ್ರೋಮ್_ಕುಮಾರ
ಆ ಪೋಸ್ಟರ್ ನೋಡಿ ಯಾರಾದ್ರೂ ನಿಲ್ಲಿಸಿದ್ರಾ ಅಂತ?

ಅಡ್ಡರಸ್ತೆ_8
ಇತಿಹಾಸದ ದಾರಿ ಚುಟುಕಾಗಿ. ಫಿಲಿಪ್ಸ್‌ನವರು ಕಾಂಪ್ಯಾಕ್ಟ್ ಕ್ಯಾಸೆಟ್ ತೋರಿಸಿದ್ದು 1963ರ ಬರ್ಲಿನ್ ರೇಡಿಯೋ ಪ್ರದರ್ಶನದಲ್ಲಿ, ಲೂ ಓಟೆನ್ಸ್ ತಂಡದ ಕೆಲಸ. ಅದು ಹುಟ್ಟಿದ್ದು ಮಾತು ದಾಖಲಿಸೋಕೆ, ಸಂಗೀತಕ್ಕಲ್ಲ. ಡಾಲ್ಬಿ ಬಿ ಬಂದ ಮೇಲೆ ಸಂಗೀತಕ್ಕೂ ಲಾಯಕ್ಕಾಯ್ತು. 1979ರ ಜುಲೈ 1ರಂದು ಜಪಾನಿನಲ್ಲಿ ವಾಕ್‌ಮನ್. ಕನ್ನಡದಲ್ಲಿ ಭಾವಗೀತೆಯ ಮೊದಲ ಧ್ವನಿಸುರುಳಿ 1978ರ ‘ನಿತ್ಯೋತ್ಸವ’, ನಿಸಾರ್ ಅಹಮದ್ ಕವಿತೆ, ಮೈಸೂರು ಅನಂತಸ್ವಾಮಿ ಸಂಗೀತ. ಎಂಬತ್ತರ ದಶಕದಲ್ಲಿ ಸಣ್ಣ ಸಣ್ಣ ಕ್ಯಾಸೆಟ್ ಕಂಪನಿಗಳು ಎದ್ದವು, ಖಾಲಿ ಕ್ಯಾಸೆಟ್ ಕೂಡ ಕೈಗೆಟುಕಿತು. ಎ ಸೈಡ್‌ಗೆ ಒಂದು ಸಿನಿಮಾ, ಬಿ ಸೈಡ್‌ಗೆ ಇನ್ನೊಂದು ಅಂತ ಕಂಪನಿಗಳೇ ಜೋಡಿ ಕ್ಯಾಸೆಟ್ ಬಿಟ್ಟವು. ಜನ ಮನೇಲಿ ಮಾಡ್ತಿದ್ದದ್ದನ್ನೇ ಅವರೂ ಮಾಡಿದ್ದು ಅನ್ನೋದು ನನ್ನ ಊಹೆ.

ಅಮೆರಿಕದ ವಿಷಯ: ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಎಪ್ಪತ್ತರ ದಶಕದಲ್ಲಿ ಡಿಜೆಗಳ ಪಾರ್ಟಿಯನ್ನೇ ನೇರ ಕ್ಯಾಸೆಟ್‌ಗೆ ಇಳಿಸಿ ಕೈಯಿಂದ ಕೈಗೆ ದಾಟಿಸ್ತಿದ್ದರು. ಹಿಪ್‌ಹಾಪ್‌ನವರ ‘ಮಿಕ್ಸ್‌ಟೇಪ್’ ಆ ಬೇರಿನದು, ಅದರಲ್ಲಿ ಹಾಡಿಗೆ ಹಾಡು ಬೆಸೆಯೋ ಕೈಚಳಕವೇ ಮುಖ್ಯ. ಇಲ್ಲಿ ಚರ್ಚೆ ಆಗ್ತಿರೋದು ಆಯ್ದ ಹಾಡುಗಳ ಕ್ಯಾಸೆಟ್. ಎರಡನ್ನೂ ಕಲಸಿ ‘ಅವರದ್ದು, ನಮ್ಮದಲ್ಲ’ ಅನ್ನೋದೇ ತಪ್ಪು.

ಕೆಂಪು_ರೀಲು
ಸೋವಿಯತ್ ಒಕ್ಕೂಟ ಮರೆತಿರಿ. ಸರ್ಕಾರಿ ರೆಕಾರ್ಡ್ ಕಂಪನಿ ಅಚ್ಚು ಹಾಕದ ಹಾಡುಗಳು, ವಿಸೋಟ್ಸ್‌ಕಿ, ಒಕುಜಾವಾ ಅಂಥವರು ಗಿಟಾರ್ ಹಿಡಿದು ಹಾಡಿದ್ದು, ಸ್ಪೂಲ್ ಟೇಪಿನಿಂದ ಸ್ಪೂಲ್ ಟೇಪಿಗೆ ನಕಲಾಗಿ ಊರೂರು ಸೇರಿದವು. ಮ್ಯಾಗ್ನಿಟಿಜ್ದಾತ್ ಅಂತ ಹೆಸರು. ಅದಕ್ಕೂ ಮುಂಚೆ ಎಕ್ಸ್‌ರೇ ಹಾಳೆ ಮೇಲೆ ಹಾಡು ಕೊರೆದು ಮಾರ್ತಿದ್ದರು.

ಧಾರವಾಡದಾವ
ಎಕ್ಸ್‌ರೇ ಬಿಡ್ರಿ, ರೇಡಿಯೋಕ್ಕ ಬರ್ರಿ. ಅಂಗಡಿಗೆ ರೊಕ್ಕ ಕೊಡಲಾರದವರ ಮಿಕ್ಸ್‌ಟೇಪ್ ಅಂದ್ರ ರೇಡಿಯೋನ. ಟೂ-ಇನ್-ಒನ್‌ನ್ಯಾಗ ಮೀಡಿಯಂ ವೇವ್ ಹಿಡದು ರೆಕಾರ್ಡ್ ಒತ್ತಿದ ಕೂಡಲೆ ‘ಕುಂಯ್’ ಅಂತ ಸಿಳ್ಳಿ ಹೊಡದಂಗ ಬರತಿತ್ತಲ್ಲ, ಭಾಳ ಮಂದಿ ಅದು ಸ್ಟೇಶನ್ ತಪ್ಪು ಅಂತ ತಿಳಕೊಂಡಿದ್ರು. ಅಲ್ಲ. ರೆಕಾರ್ಡಿಂಗ್‌ಗೆ ಬೇಕಾಗೂ ಬಯಾಸ್ ಆಸಿಲೇಟರ್ ಸೆಟ್‌ನ ಒಳಗ ಓಡತಿರತದ, ಸುಮಾರು 80ರಿಂದ 100 ಕಿಲೋಹರ್ಟ್ಸ್ ಮ್ಯಾಲೆ. ಅದರ ಪಟ್ಟುಗಳು ರೇಡಿಯೋ ಪಟ್ಟಿಯೊಳಗ ಬಂದು ಕೂಡತಾವ. ಧಾರವಾಡ ಆಕಾಶವಾಣಿ 765. ಬಯಾಸ್ 85 ಇದ್ರ ಅದರ ಒಂಬತ್ತನೇ ಪಟ್ಟು ಕರೆಕ್ಟ್ 765. ಒಂಚೂರು ಜರುಗಿ 85.2 ಆತಂದ್ರ 766.8. ಎರಡರ ನಡುವಿನ 1.8 ಕಿಲೋಹರ್ಟ್ಸ್ ಸಿಳ್ಳಿ ಆಗಿ ಕೇಳತದ. ಬೆಂಗಳೂರು 612, ಬಯಾಸ್ 102 ಇದ್ದವರಿಗೆ ಆರನೇ ಪಟ್ಟು.

ಸೆಟ್‌ನ ಹಿಂದ ‘ಬೀಟ್ ಕಟ್’ ಅಂತ ಒಂದು ಸಣ್ಣ ಸ್ವಿಚ್ ಇರತದ ನೋಡ್ರಿ. ಅದು ಬಯಾಸನ್ನ ಒಂಚೂರು ಆಚೀಚೆ ಸರಿಸತದ. ಸಿಳ್ಳಿ ಹೋಗೂ ಕಡೆ ಇಡಬೇಕು.

ಹೆಡ್_ಕ್ಲೀನರ್
ಭೇಷ್. ಒಂದೇ ಸೇರ್ಪಡೆ: ಅಗ್ಗದ ಸೆಟ್‌ಗಳಲ್ಲಿ ಈ ಸಿಳ್ಳೆ ಬರಲ್ಲ, ಯಾಕಂದ್ರೆ ಅಲ್ಲಿ ಆಸಿಲೇಟರ್ರೇ ಇಲ್ಲ. ಬಯಾಸ್‌ಗೆ ಡಿಸಿ, ಅಳಿಸೋಕೆ ಒಂದು ಪುಟ್ಟ ಕಾಯಂ ಅಯಸ್ಕಾಂತ. ಸಿಳ್ಳೆ ಇಲ್ಲ, ಬದಲಿಗೆ ಸುಯ್ ಜಾಸ್ತಿ.

ರಾಗ_ತಾನ
ಸಿನಿಮಾ ಹಾಡಿಗಷ್ಟೇ ನಿಲ್ಲಿಸಬೇಡಿ. ಬೆಂಗಳೂರಿನ ಕೋಟೆ ಹೈಸ್ಕೂಲಿನ ರಾಮನವಮಿ ಕಛೇರಿ, ರೇಡಿಯೋ ಕಛೇರಿ ಇವನ್ನೆಲ್ಲ ತುಂಬಿಸಿ ಹಂಚಿಕೊಳ್ಳೋ ರಸಿಕರ ಜಾಲವೇ ಇತ್ತು, ಸ್ಪೂಲ್ ಕಾಲದಿಂದಲೂ. ಮೂರು ಗಂಟೆಯ ಕಛೇರಿಗೆ ಎರಡು ಸಿ-90. ಕಷ್ಟ ಸೈಡ್ ಮಗುಚೋದು. 45ನೇ ನಿಮಿಷಕ್ಕೆ ಟೇಪು ರಾಗದ ಮಧ್ಯೆ ನಿಲ್ಲುತ್ತೆ. ಜಾಣರು ಒಂದು ಕೃತಿ ಮುಗಿದು ಚಪ್ಪಾಳೆ ಬೀಳುವಾಗಲೇ, ಎರಡು ಮೂರು ನಿಮಿಷ ಉಳಿದಿದ್ದರೂ ಮಗುಚಿಬಿಡ್ತಾರೆ. ದೊಡ್ಡ ಕೃತಿ ಬಂದರೆ ತನಿ ಆವರ್ತನದಲ್ಲಿ (ಮೃದಂಗದವರು ಒಂಟಿಯಾಗಿ ನುಡಿಸೋ ಸರದಿ) ಮಗುಚೋದು ರೂಢಿ.

ಮೃದಂಗ_ಪ್ರಿಯ
ಆ ರೂಢಿಗೆ ಬೆಂಕಿ ಹಾಕ. ಎಷ್ಟು ತನಿಗಳಲ್ಲಿ ಮುಕ್ತಾಯದ ಹತ್ತಿರದ ಮೋಹರ ಬರೋ ಹೊತ್ತಿಗೆ ‘ಟಕ್’, ಹತ್ತು ಸೆಕೆಂಡ್ ಇಲ್ಲ.

ರಾಗ_ತಾನ
ಹಾಗಾದರೆ ಪಲ್ಲವಿ ಕತ್ತರಿಸೋದಾ ಸ್ವಾಮಿ?

ಸಿ_ನೂರಿಪ್ಪತ್ತು
ಸಿ-120 ಹಾಕಿದ್ರೆ ಜಗಳವೇ ಇರಲ್ಲ.

ಹೆಡ್_ಕ್ಲೀನರ್
ಬೇಡವೇ ಬೇಡ. ಸಿ-60 ಟೇಪಿನ ದಪ್ಪ 16ರಿಂದ 18 ಮೈಕ್ರಾನ್, ಸಿ-90 ಸುಮಾರು 12, ಸಿ-120 ಬರೀ 9. ಅದೇ ಡಬ್ಬಿಯೊಳಗೆ ಜಾಸ್ತಿ ಉದ್ದ ತುರುಕೋಕೆ ತೆಳು ಮಾಡಿದ್ದಾರೆ. ಹಿಂದಕ್ಕೆ ಮುಂದಕ್ಕೆ ಓಡಿಸುವಾಗ ಹಿಗ್ಗುತ್ತೆ, ಜಿಡ್ಡು ಹಿಡಿದ ರೋಲರ್‌ಗೆ ಸಲೀಸಾಗಿ ಸುತ್ತಿಕೊಳ್ಳುತ್ತೆ. ಒಂದು ಸುತ್ತಿನ ಅಚ್ಚು ಪಕ್ಕದ ಸುತ್ತಿಗೂ ಇಳಿದು, ಹಾಡು ಶುರುವಾಗೋ ಮುಂಚೆಯೇ ಅದರ ನೆರಳು ಸಣ್ಣಗೆ ಕೇಳಿಸುತ್ತೆ. ಭಾಷಣಕ್ಕಾದರೆ ಆಯ್ತು.

ಕರಾವಳಿ_ಚೆಂಡೆ
ಕಛೇರಿಗೆ ಎರಡು ಕ್ಯಾಸೆಟ್ ಅಂತ ಅಳ್ತೀರಲ್ಲ ಮಾರಾಯ್ರೆ, ಯಕ್ಷಗಾನದವರ ಪಾಡು ಕೇಳಿ. ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಿಗ್ಗೆ ಆರಕ್ಕೆ ಮಂಗಳ, ಎಂಟೂವರೆ ಗಂಟೆ, ಆರು ಸಿ-90 ಬೇಕು. ಅದಲ್ಲ ಸಮಸ್ಯೆ. ಟೂ-ಇನ್-ಒನ್‌ನಲ್ಲಿ ರೆಕಾರ್ಡಿಂಗ್ ಮಟ್ಟ ನಾವು ತಿರುಗಿಸ್ಲಿಕ್ಕೆ ಗುಂಡಿ ಇಲ್ಲ, ಒಳಗೆ ತಾನಾಗಿಯೇ ಹೊಂದಿಸುವ ಸರ್ಕ್ಯೂಟ್ ಉಂಟು. ಚೆಂಡೆಯ ಒಂದು ಪೆಟ್ಟು ಬಿದ್ದ ಕೂಡ್ಲೇ ಅದು ಹೆದರಿ ಮಟ್ಟ ಪಾತಾಳಕ್ಕೆ ಇಳಿಸ್ತದೆ. ಮತ್ತೆ ಮೇಲೆ ಏರ್ಲಿಕ್ಕೆ ಕೆಲವು ಸೆಕೆಂಡ್ ತಗೊಳ್ತದೆ. ಅಷ್ಟರೊಳಗೆ ಇನ್ನೊಂದು ಪೆಟ್ಟು. ಭಾಗವತರು ಇದ್ದಾರೋ ಇಲ್ವೋ ಗೊತ್ತಾಗುದಿಲ್ಲ. ಉಪಾಯ ಇಷ್ಟೇ: ಸೆಟ್ ಚೆಂಡೆಯವರಿಂದ ದೂರ ಇಡುದು, ಭಾಗವತರ ಮೈಕಿನ ಸ್ವರ ಬರುವ ಸ್ಪೀಕರಿಗೆ ಮುಖ ಮಾಡಿ ಇಡುದು. ತಾಳಮದ್ದಳೆಯಾದ್ರೆ ಮಾತೇ ಜಾಸ್ತಿ, ಒಳ್ಳೆ ಬರ್ತದೆ.

ಭಾಗವತ ಕಾಳಿಂಗ ನಾವಡರು 1990ರಲ್ಲಿ ಹೋದ ಮೇಲೆ ಅವರ ಪದ್ಯಗಳನ್ನು ಅಭಿಮಾನಿಗಳು ಬೇರೆ ಬೇರೆ ಆಟದ ಕ್ಯಾಸೆಟ್‌ನಿಂದ ಆರಿಸಿ ಒಂದೇ ಕ್ಯಾಸೆಟ್‌ಗೆ ತುಂಬಿಸಿ ಹಂಚಿಕೊಂಡದ್ದು ಉಂಟು. ಅದು ಮಿಕ್ಸ್‌ಟೇಪ್ ಅಲ್ಲದೆ ಮತ್ತೆಂತ?

ಗಣಿತ_ಮೇಷ್ಟ್ರು
ಸುಬ್ಬ ಅವರೇ, ಈ ಚೆಂಡೆ ಪಾಠ ನಿಮಗೂ ಅನ್ವಯ. ನಿಮ್ಮ ಸೆಟ್ಟಲ್ಲೂ ಅದೇ ಸರ್ಕ್ಯೂಟ್. ಹಾಡಿನ ಮಧ್ಯೆ ನಿಶ್ಶಬ್ದ ಬಿಟ್ಟು ಟೇಪು ಓಡಿಸಿದರೆ ಅದು ‘ದನಿ ಇಲ್ಲವಲ್ಲ’ ಅಂತ ಮಟ್ಟ ಏರಿಸ್ತಾ ಹೋಗುತ್ತೆ, ಸುಯ್ ಉಬ್ಬುತ್ತೆ, ಮುಂದಿನ ಹಾಡಿನ ಮೊದಲ ಪೆಟ್ಟು ಒಡೆಯುತ್ತೆ. ಆದ್ದರಿಂದ ನಾಲ್ಕು ಸೆಕೆಂಡಿನ ಸಂದು ಬೇಡ, ಒಂದೂವರೆ ಸಾಕು. ಹಾಡು ಮುಗಿದ ತಕ್ಷಣ ಪಾಸ್. ನಾಲ್ಕು ಸೆಕೆಂಡ್ ಬೇಕಾಗೋದು ಹಾಡು ಹುಡುಕೋ ಸೌಲಭ್ಯ ಇರೋ ಡೆಕ್‌ಗಳಿಗೆ. ಲೆಕ್ಕ ಬದಲಾಯ್ತು: 8 ಸಂದಿಗೆ 12 ಸೆಕೆಂಡ್, ಹಾಡಿಗೆ 44 ನಿಮಿಷ 41 ಸೆಕೆಂಡ್.

ಹಳೇಪೇಟೆ_ಹುಡುಗಿ
ಅನುಕ್ರಮದಲ್ಲೂ ಅದನ್ನೇ ನೆನಪಿಡಿ. ಅಬ್ಬರದ ಹಾಡಾದ ಕೂಡಲೇ ಬರೀ ತಂಬೂರಿಯಲ್ಲಿ ಶುರುವಾಗೋ ಭಾವಗೀತೆ ಇಡಬೇಡಿ. ಸೈಡ್ ಕೊನೇಗೆ ನಿಧಾನಕ್ಕೆ ಮಸುಕಾಗಿ ಮುಗಿಯೋ ಹಾಡಿರಲಿ, ಅಕಸ್ಮಾತ್ ಟೇಪು ಮುಗಿದರೂ ಕತ್ತರಿಸಿದ ಹಾಗೆ ಕಾಣಲ್ಲ.

ಮಂಡ್ಯದ್_ಗಂಡು
ಇಷ್ಟೆಲ್ಲ ಯಾಕ್ ಗುರು, 700 ಎಂಬಿ ಸಿಡಿಗೆ ನೂರೈವತ್ತು ಎಂಪಿ3 ಹಾಕ್ ಕೊಡಿ. ಇಲ್ಲಾಂದ್ರೆ ಪೆನ್‌ಡ್ರೈವು. ಅದೂ ಮಿಕ್ಸ್‌ಟೇಪೇ.

ಧಾರವಾಡದಾವ
ನೂರೈವತ್ತರಾಗ ಆಯ್ಕೆ ಎಲ್ಲೈತೋ ತಮ್ಮ? ಅದು ಗೋಡೌನ್.

ಕ್ರೋಮ್_ಕುಮಾರ
ಪ್ಲೇಲಿಸ್ಟ್ ಜಗಳ ಇಲ್ಲಿ ಬೇಡ, ಬೇರೆ ಎಳೆ ಇದೆ ಅದಕ್ಕೆ.

ತುಂಬಿಸಿ ಆದ ಮೇಲೆ ಬೆನ್ನಿನ ಎರಡು ಹಲ್ಲು ಮುರೀರಿ, ಇಲ್ಲದಿದ್ದರೆ ಯಾರೋ ರೆಕಾರ್ಡ್ ಒತ್ತಿ ಅಳಿಸಿಬಿಡ್ತಾರೆ. ಎ ಸೈಡ್ ನಿಮ್ಮ ಕಡೆ ಮುಖ ಮಾಡಿ ಹಿಡಿದಾಗ ಎಡಗಡೆ ಹಲ್ಲು ಎ ಸೈಡಿನದು. ಮತ್ತೆ ರೆಕಾರ್ಡ್ ಮಾಡಬೇಕಂದ್ರೆ ತೂತಿಗೆ ಸೆಲ್ಲೋಟೇಪ್ ಅಂಟಿಸಿದರಾಯ್ತು. ಕ್ರೋಮ್ ಕ್ಯಾಸೆಟ್ ಆದರೆ ಪಕ್ಕದ ಗುಳಿಯನ್ನು ಮುಚ್ಚಬೇಡಿ, ಮುಚ್ಚಿದರೆ ಡೆಕ್ ಅದನ್ನು ಫೆರಿಕ್ ಅಂದ್ಕೊಳುತ್ತೆ.

ಕರಾವಳಿ_ಚೆಂಡೆ
ಟೇಪು ತುಂಡಾದ್ರೆ ನೈಲ್ ಪಾಲಿಶ್ ಹಾಕಿ ಅಂಟಿಸುದು ಒಳ್ಳೇದು, ಸೆಲ್ಲೋಟೇಪ್ ಬೇಡ.

ಅಜಿಮತ್_ಅಣ್ಣ
ಎರಡೂ ಬೇಡ. ನೈಲ್ ಪಾಲಿಶ್ ಒಣಗಿ ಗಟ್ಟಿ ಗಂಟಾಗುತ್ತೆ, ಅದು ಹೆಡ್ಡಿಗೆ ಉಜ್ಜುತ್ತಾ ಹೋಗುತ್ತೆ. ಸೆಲ್ಲೋಟೇಪಿನ ಅಂಟು ಸೆಕೆಗೆ ಒಸರಿ ಪಕ್ಕದ ಸುತ್ತಿಗೆ ಹತ್ತಿಕೊಳ್ಳುತ್ತೆ. ಸ್ಪ್ಲೈಸಿಂಗ್ ಟೇಪ್ ಅಂತಲೇ ಸಿಗುತ್ತೆ, 3.81 ಮಿಲಿಮೀಟರ್ ಅಗಲದ ಟೇಪಿಗಿಂತ ಕೂದಲಷ್ಟು ಕಡಿಮೆ ಅಗಲ ಇಟ್ಟು ಕತ್ತರಿಸಿ. ಎರಡು ತುದಿ ಒಂದರ ಮೇಲೊಂದಿಟ್ಟು ಓರೆಯಾಗಿ ಬ್ಲೇಡ್ ಹಾಕಿ, ತುದಿಗೆ ತುದಿ ಕೂಡಿಸಿ, ಹೊಳೆಯೋ ಹಿಂಬದಿಗೆ ಅಂಟಿಸಿ. ಹೆಡ್ಡಿಗೆ ತಾಗೋ ಬದಿಗೆ ಅಲ್ಲ. ನೈಲ್ ಪಾಲಿಶ್ ಸ್ಕ್ರೂಗೆ, ಟೇಪಿಗಲ್ಲ.

ಸುರುಳಿ_ಸುಬ್ಬ
ಎಲ್ಲರಿಗೂ ನಮಸ್ಕಾರ. ವರದಿ ಒಪ್ಪಿಸ್ತೀನಿ. ಡೆಕ್‌ನಲ್ಲಿ ಡಾಲ್ಬಿ ಬಿಟ್ಟೇ ಇತ್ತು, ಕ್ಯಾಸೆಟ್ ಕೂಡ ಟೈಪ್ 1, ಕ್ಷಮಿಸಿ ಕುಮಾರ್. ಕಂಪನಿ ಕ್ಯಾಸೆಟ್ ಹಾಕಿ ಅಜಿಮತ್ ಸ್ಕ್ರೂ ತಿರುಗಿಸಿದರೆ ಕಾಲು ಸುತ್ತಿಗೂ ಕಡಿಮೆಯಲ್ಲೇ ತಾಳ ತೆರೆದುಕೊಂಡಿತು. ರೆಸಿಸ್ಟರ್ ಹಾಕಿದ ಮೇಲೆ ಕರಕರ ಇಲ್ಲ. ಹೊಸ ತೊಂದರೆ: ದನಿ ಆಗಾಗ ಎರಡು ಸೆಕೆಂಡ್ ಮುಳುಗಿ ಏಳುತ್ತೆ, ಬರೀ ಬಿ ಸೈಡ್‌ನಲ್ಲಿ.

ಹೆಡ್_ಕ್ಲೀನರ್
ಹೆಡ್ಡು, ಕ್ಯಾಪ್‌ಸ್ಟನ್ (ಟೇಪು ಎಳೆಯೋ ಲೋಹದ ಕಡ್ಡಿ), ರಬ್ಬರ್ ರೋಲರ್ ಮೂರನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿದ ಹತ್ತಿ ಕಡ್ಡಿಯಿಂದ ಒರೆಸಿ, ಕಂದು ಬಣ್ಣ ಬರೋದು ನಿಲ್ಲೋ ತನಕ. ಆಮೇಲೂ ಬಿ ಸೈಡ್ ಮಾತ್ರ ಮುಳುಗಿದರೆ ಕ್ಯಾಸೆಟ್ ಒಳಗಿನ ಪುಟ್ಟ ಬಟ್ಟೆ ಪ್ಯಾಡ್ ನೋಡಿ. ತಾಮ್ರದ ಬಣ್ಣದ ಸ್ಪ್ರಿಂಗ್ ಮೇಲೆ ಕೂತು ಟೇಪನ್ನು ಹೆಡ್ಡಿಗೆ ಒತ್ತೋದು ಅದೇ. ಅಂಟು ಸತ್ತು ವಾಲಿದ್ದರೆ ಒಂದು ಸೈಡ್ ಪಟ್ಟಿಗೆ ಒತ್ತಡ ಸಿಗಲ್ಲ. ಐದು ಸ್ಕ್ರೂ ಇರೋ ಡಬ್ಬಿ ಆದರೆ ಬಿಚ್ಚಿ, ಬೇಡದ ಕ್ಯಾಸೆಟ್‌ನಿಂದ ಸ್ಪ್ರಿಂಗ್ ಸಮೇತ ಪ್ಯಾಡ್ ಕದ್ದು ಹಾಕಿ. ಬಿಚ್ಚುವಾಗ ಮೇಜಿನ ಮೇಲೆ ಮಲಗಿಸಿಯೇ ಮೇಲಿನ ಮುಚ್ಚಳ ಎತ್ತಿ, ಎತ್ತಿ ಹಿಡಿದರೆ ಎರಡು ಚಕ್ರವೂ ಕೆಳಗೆ ಬೀಳ್ತವೆ.

ಸುರುಳಿ_ಸುಬ್ಬ
ಪ್ಯಾಡೇ ವಾಲಿತ್ತು. ಸರಿಯಾಯ್ತು. ಈಗ ಬಿ ಸೈಡ್ ಕೂಡಿಸಿದರೆ 42 ನಿಮಿಷ 20 ಸೆಕೆಂಡ್. ಎರಡು ನಿಮಿಷಕ್ಕೂ ಸ್ವಲ್ಪ ಜಾಸ್ತಿ ಉಳಿಯುತ್ತೆ. ಏನು ಹಾಕಲಿ?

ರಾಗ_ತಾನ
ಒಂದು ಉಗಾಭೋಗ. ಎರಡು ನಿಮಿಷಕ್ಕೆ ಅಳತೆ ಮಾಡಿ ಹೊಲಿದ ಹಾಗಿರುತ್ತೆ.

ಧಾರವಾಡದಾವ
ವಚನ ಹಾಕ್ರಿ, ಮಲ್ಲಿಕಾರ್ಜುನ ಮನಸೂರರ ದನಿಯೊಳಗ. ಎರಡು ನಿಮಿಷದ್ದು ಸಿಕ್ರ.

ಮಂಡ್ಯದ್_ಗಂಡು
ಖಾಲಿ ಬುಟ್ಟು ಮೈಕ್ ಹಾಕಿ ನೀವೇ ಎರಡು ಮಾತಾಡಿ ಸಾ.

ಗಣಿತ_ಮೇಷ್ಟ್ರು
ಏನೇ ಹಾಕೋ ಮುಂಚೆ ಆ ಸೈಡನ್ನು ಒಂದು ಸಲ ಪೂರ್ತಿ ಓಡಿಸಿ ಗಡಿಯಾರ ಹಿಡಿದು ನೋಡಿ. 44 ನಿಮಿಷ 30 ಸೆಕೆಂಡಿಗೆ ಟೇಪು ನಿಂತರೆ ನಿಮ್ಮ ಮೋಟಾರ್ ವೇಗ ಅಂತ ಅರ್ಥ, ಉಗಾಭೋಗದ ಕೊನೇ ಸಾಲು ಹೋಗುತ್ತೆ.